ಗಪ್ಪಿಗೆ ಎಷ್ಟು ಮಿಲಿಮೀಟರ್? ಒಂದು ಮೀಮಾಂಸೆ

ಐಹೊಳೆಯಲ್ಲಿ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡವರು ದುರ್ಗಗುಡಿಯ ಕಡೆಗೋ ಮೇಗುತಿ ಗುಡ್ಡದ ಕಡೆಗೋ ನಡೆಯುತ್ತಾರೆ. ನಾನೂ ಹಾಗೇ ನಡೆದವನು. ಮ್ಯಾಕ್ರೊ ಹುಚ್ಚು ಹತ್ತಿದ್ದೇ ಮೇಗುತಿಯ ಗೋಡೆಯ ಮೇಲಿನ, ಕ್ರಿ.ಶ. 634ರ ರವಿಕೀರ್ತಿ ಶಾಸನದ ಅಕ್ಷರಗಳಿಂದ. ಗೆಳೆಯನ ಹತ್ತಿರ 60 ಎಂ.ಎಂ. ಲೆನ್ಸು ಎರವಲು ತಂದಿದ್ದೆ. ಚಪ್ಪಟೆ ಕಲ್ಲು, ಓರೆ ಬಿಸಿಲು, ಅಲುಗಾಡದ ಅಕ್ಷರ. ಲೆನ್ಸು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟಿತು. ಅದೇ ಲೆನ್ಸನ್ನು ಮನೆಯ ಗಾಜಿನ ತೊಟ್ಟಿಗೆ ಹಿಡಿದ ದಿನ ಮಾನ ಹೋಯಿತು.

ತೊಟ್ಟಿಯಲ್ಲಿ ಇರುವುದು ಗಪ್ಪಿ. ಸೊಳ್ಳೆಯ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ನೀರಿನ ತೊಟ್ಟಿಗಳಿಗೆ ಬಿಡುವ ಲಾರ್ವಾಹಾರಿ ಮೀನು. ಟ್ರಿನಿಡಾಡಿನಿಂದ ಇದರ ಮಾದರಿಯನ್ನು ಲಂಡನ್ನಿಗೆ ಕಳಿಸಿದ ಗಪ್ಪಿ ಎಂಬವರ ಹೆಸರೇ ಮೀನಿಗೆ ನಿಂತಿದೆ. ಹೆಣ್ಣು ಮಾಸಲು ಬಣ್ಣದ್ದು, ದೊಡ್ಡದು. ಗಂಡು ಮೂರು ಸೆಂಟಿಮೀಟರ್ ಆದರೆ ಹೆಚ್ಚು, ಆದರೆ ಬಾಲದಲ್ಲಿ ಇಲ್ಲದ ಬಣ್ಣವಿಲ್ಲ. ಸಿಮೆಂಟ್ ತೊಟ್ಟಿಯಲ್ಲಿ ಮೇಲಿನಿಂದ ನೋಡಿದರೆ ಅದೊಂದು ಕರಿ ಗೆರೆ, ಅಷ್ಟೇ. ಗಾಜಿನೊಳಗೆ ಬಿಟ್ಟು ಪಕ್ಕದಿಂದ ನೋಡಿದ ಮೇಲೆ ಸ್ವಂತದ ಲೆನ್ಸು ಕೊಳ್ಳದೆ ವಿಧಿಯಿರಲಿಲ್ಲ.

ಮೀಮಾಂಸಾಸೂತ್ರಗಳ ಜೈಮಿನಿಯ ಪರಂಪರೆಯವರು ಒಂದು ಅಧಿಕರಣಕ್ಕೆ, ಅಂದರೆ ಒಂದು ಪ್ರಶ್ನೆಯ ವಿಚಾರಣೆಗೆ, ಐದು ಅಂಗಗಳನ್ನು ಹೇಳುತ್ತಾರೆ: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಯಜ್ಞದ ಗೊಂದಲ ಬಿಡಿಸಲು ಕಟ್ಟಿದ ಈ ಕ್ರಮ ಅಂಗಡಿಯ ಮುಂದೆ ನಿಂತವನ ಗೊಂದಲಕ್ಕೂ ಒದಗುತ್ತದೆ.

ವಿಷಯವನ್ನು ಮೊದಲು ಬಿಗಿ ಮಾಡಬೇಕು. ತೊಟ್ಟಿ ಎರಡಡಿ ಉದ್ದ, ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಒಂದಡಿ, ಅಂದರೆ 30 ಸೆಂ.ಮೀ. ಕ್ಯಾಮೆರಾ ಸುಮಾರು 24 ಮಿ.ಮೀ. ಅಗಲದ ಸೆನ್ಸರಿನದು. ಮೂರು ಸೆಂ.ಮೀ. ಮೀನಿನ ಸುತ್ತ ಒಂದಿಷ್ಟು ನೀರೂ ಕಾಣಬೇಕೆಂದರೆ ಚೌಕಟ್ಟಿನಲ್ಲಿ ಐದು ಸೆಂ.ಮೀ. ಹಿಡಿಯಬೇಕು. 24ನ್ನು 50ರಿಂದ ಭಾಗಿಸಿ: ಸೆನ್ಸರಿನ ಮೇಲೆ ಮೀನು ತನ್ನ ನಿಜಗಾತ್ರದ ಅರ್ಧದಷ್ಟು ಬಿದ್ದರೆ ಸಾಕು. ಈ ಅರ್ಧವನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಸಂಶಯ: ಮ್ಯಾಕ್ರೊ ಲೆನ್ಸುಗಳು ಮುಖ್ಯವಾಗಿ ಮೂರು ಬಳಗ. 60 ಎಂ.ಎಂ. ಆಸುಪಾಸಿನವು, 90ರಿಂದ 105ರವರೆಗಿನವು, 150–180ರವು. ಮೂರೂ ಸಾಮಾನ್ಯವಾಗಿ ನಿಜಗಾತ್ರ (1:1) ಕೊಡುತ್ತವೆ. ಹಾಗಿದ್ದರೆ ಯಾವುದು?

ಇನ್ನು ಪೂರ್ವಪಕ್ಷಗಳು. ಮೊದಲನೆಯದು ಸೋದರಮಾವನದು. “ಏ ತಮ್ಮಾ, ಫೋನಿನ್ಯಾಗ ಮ್ಯಾಕ್ರೊ ಐತಲ್ಲ, ಮತ್ಯಾಕ ಅಷ್ಟು ರೊಕ್ಕ ಸುರೀತಿ?” ಐತಿ ಮಾಮಾ, ಖರೆ. ಆದರೆ ಅಗ್ಗದ ಫೋನುಗಳಲ್ಲಿ ಆ ಹೆಸರಿನಲ್ಲಿ ಕೂತಿರುವುದು ಸಾಮಾನ್ಯವಾಗಿ ಎರಡು ಮೆಗಾಪಿಕ್ಸೆಲಿನ, ನಾಲ್ಕು ಸೆಂ.ಮೀ. ಸುತ್ತಮುತ್ತ ಮಾತ್ರ ಫೋಕಸ್ ಇರುವ ಪುಟ್ಟ ಕಣ್ಣು. ಗಾಜಿಗೆ ಮೂಗು ಹಚ್ಚಿ ನಿಂತ ಮೀನು ಸಿಗುತ್ತದೆ, ಉಳಿದದ್ದಿಲ್ಲ. ಈ ಪಕ್ಷಕ್ಕೆ ಇಷ್ಟು ಉತ್ತರ ಸಾಕು.

ಎರಡನೆಯದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಪಕ್ಷ: 1:1. ಈಗ ಅದಕ್ಕೂ ಮೀರಿ 2:1 ಕೊಡುವ ಲೆನ್ಸುಗಳೂ ಇವೆ. ಹೆಚ್ಚು ಹಿಗ್ಗಿಸುವುದೇ ಮೇಲಲ್ಲವೇ? ಇಲ್ಲಿ ಮೀಮಾಂಸಕರ ಒಂದು ಭೇದ ಬಹಳ ಉಪಯೋಗಕ್ಕೆ ಬರುತ್ತದೆ. ವೇದವಾಕ್ಯಗಳಲ್ಲೇ ಅವರು ವಿಧಿಯನ್ನೂ ಅರ್ಥವಾದವನ್ನೂ ಬೇರೆ ಮಾಡಿದರು. ಇದನ್ನು ಮಾಡು ಎನ್ನುವುದು ವಿಧಿ. ಮಾಡುವುದಕ್ಕೆ ಹುರುಪು ಬರಲಿ ಎಂದು ಹೊಗಳುವುದು ಅರ್ಥವಾದ. ಪೆಟ್ಟಿಗೆಯ ಮೇಲಿನ 1:1 ಅರ್ಥವಾದ. ಲೆಕ್ಕ ಹಾಕಿ ನೋಡಿ: ನನ್ನದರಂಥ ಕ್ಯಾಮೆರಾದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/8ಕ್ಕೆ ಇಟ್ಟು ನಿಜಗಾತ್ರ ತೆಗೆದರೆ ಚೊಕ್ಕಟವಾಗಿ ಕಾಣುವ ಪದರ ಮುಕ್ಕಾಲು ಮಿಲಿಮೀಟರೂ ಇರುವುದಿಲ್ಲ. ಕಣ್ಣು ಸ್ಪಷ್ಟ, ಕಿವಿರು ಮಂಜು. ಅರ್ಧಗಾತ್ರಕ್ಕೆ ಇಳಿಸಿದರೆ ಅದೇ ಪದರ ಮೂರುಪಟ್ಟು, ಸುಮಾರು ಎರಡು ಮಿ.ಮೀ. ಆಗುತ್ತದೆ. ಎಫ್/11ಕ್ಕೆ ಇನ್ನೂ ತುಸು ಹೆಚ್ಚು. ಪಕ್ಕ ತಿರುಗಿದ ಗಪ್ಪಿಯ ಕಣ್ಣು, ಹುರುಪೆ, ಬಾಲ ಅದರಲ್ಲಿ ಹೆಚ್ಚುಕಡಿಮೆ ಕೂಡುತ್ತವೆ.

“ಹಾಗಾದರೆ ಎಫ್/22ಕ್ಕೆ ಮುಚ್ಚಿ ನಿಜಗಾತ್ರವನ್ನೇ ತೆಗೆಯಬಹುದಲ್ಲ?” ಆಗದು. ನಿಜಗಾತ್ರದಲ್ಲಿ ಎಫ್/22 ಬೆಳಕಿನ ಲೆಕ್ಕದಲ್ಲಿ ಎಫ್/44ರಂತೆ ವರ್ತಿಸುತ್ತದೆ. ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ಅಂಚಿಗೆ ಬಾಗಿ ಹರಡಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಹೀಗಾಗಿ ಅರ್ಧಗಾತ್ರಕ್ಕೇ ನಿಲ್ಲುವ ಹಳೆಯ ಲೆನ್ಸನ್ನೂ ತಳ್ಳಿಹಾಕಬೇಕಿಲ್ಲ. 1979ರಲ್ಲಿ ಬಂದ ಟ್ಯಾಮ್ರಾನ್ 90 ಎಂ.ಎಂ. ಎಫ್/2.5 ಅಂಥದ್ದು. ಫೋಕಸ್ ಕೈಯಲ್ಲೇ ತಿರುಗಿಸಬೇಕು, ಆದರೆ ಈ ಕೆಲಸದಲ್ಲಿ ಹೇಗೂ ಫೋಕಸ್ ಒಂದು ಕಡೆ ನಿಲ್ಲಿಸಿ ಮೈಯನ್ನೇ ಹಿಂದೆ ಮುಂದೆ ತೂಗುವವರೇ ಜಾಸ್ತಿ. ಕೊಳ್ಳುವಾಗ ಟಾರ್ಚ್ ಬಿಟ್ಟು ಒಳಗೆ ಫಂಗಸ್ ಹಿಡಿದಿದೆಯೇ ನೋಡಿಕೊಳ್ಳಿ.

ಮೂರನೆಯ ಪಕ್ಷ ಸ್ಟುಡಿಯೋದವರದು. “ತೊಗೊಂಡ್ರ 180 ತೊಗೋರಿ ಸರ. ದೂರ ನಿಂತು ಹೊಡೀಬಹುದು, ಮೀನ ಅಂಜೂದಿಲ್ಲ.” ಚಿಟ್ಟೆಗೆ, ಹಾವಿಗೆ ಒಪ್ಪುವ ಮಾತು. ತೊಟ್ಟಿಯ ಮೀನಿಗೆ ಮನುಷ್ಯನ ಅಂಜಿಕೆಯಿಲ್ಲ. ಮುಖ ಕಂಡರೆ ಊಟ ಬಂತೆಂದು ಎದುರೇ ಓಡಿ ಬರುತ್ತದೆ. ಈ ಲೆನ್ಸಿಗೆ ಅರ್ಧಗಾತ್ರ ಬೇಕೆಂದರೆ ಒಂದು ಮೊಳದಷ್ಟು ದೂರ ಸರಿಯಬೇಕು, ಆ ಮೊಳದ ಸಂದಿಯಲ್ಲಿ ಕಿಟಕಿ, ಟ್ಯೂಬ್‌ಲೈಟು, ನನ್ನ ಅಂಗಿ ಎಲ್ಲ ಗಾಜಿನಲ್ಲಿ ಬಂದು ಕೂರುತ್ತವೆ. ಭಾರವೋ, ಸಿಗ್ಮಾದ 180 ಎಂ.ಎಂ. ಎಫ್/2.8 ಒಂದೂವರೆ ಕಿಲೋಗಿಂತ ಹೆಚ್ಚು ತೂಗುತ್ತದೆ.

ನಾಲ್ಕನೆಯದೇ ನಿಜವಾಗಿ ಗಟ್ಟಿ ಪಕ್ಷ, 60ರ ಪಕ್ಷ. ಅದನ್ನು ನಾನೇ ಎರಡು ತಿಂಗಳು ಹಿಡಿದಿದ್ದೆ, ಆದ್ದರಿಂದ ಪೂರ್ತಿ ಹೇಳುವೆ. ಗಾಜಿನ ಪ್ರತಿಬಿಂಬ ತಪ್ಪಿಸುವ ಉತ್ತಮ ಉಪಾಯವೆಂದರೆ ರಬ್ಬರ್ ಹುಡ್ ಹಾಕಿ ಲೆನ್ಸನ್ನು ಗಾಜಿಗೇ ಒತ್ತುವುದು. ಮೀನು ಊಟದಾಸೆಗೆ ಮುಂದಿನ ಗಾಜಿಗೇ ಬರುತ್ತದೆ. ಒತ್ತಿಕೊಂಡೇ ಅದನ್ನು ಹಿಡಿಯಬಲ್ಲದ್ದು 60 ಮಾತ್ರ, 100 ಎಂ.ಎಂ. ಗಾಜಿನಿಂದ ದೂರ ಸರಿಯಬೇಕಾಗುತ್ತದೆ. ಕಂಪನಿಯವರು ಕೊಡುವ ಅಳತೆಯನ್ನೇ ನೋಡಿ: ನಿಕಾನಿನ 60 ಎಂ.ಎಂ. 18.5 ಸೆಂ.ಮೀ.ವರೆಗೆ ಹತ್ತಿರ ಬರುತ್ತದೆ, ಕ್ಯಾನನ್ನಿನ 100 ಎಂ.ಎಂ. ಎಲ್ 30 ಸೆಂ.ಮೀ.ಗೇ ನಿಲ್ಲುತ್ತದೆ. ಮೇಲಾಗಿ 60 ಹಗುರ, ಬೆಲೆಯೂ ಕಡಿಮೆ.

ಇದಕ್ಕೆ ಉತ್ತರ ಆ ಅಳತೆಯಲ್ಲೇ ಅಡಗಿದೆ. ಅದನ್ನು ಎಣಿಸುವುದು ಲೆನ್ಸಿನ ಮೂತಿಯಿಂದಲ್ಲ, ಸೆನ್ಸರಿನಿಂದ. ಲೆನ್ಸಿನ ಉದ್ದ ಕಳೆದರೆ ನಿಜಗಾತ್ರದಲ್ಲಿ 60ರ ಮೂತಿಯ ಮುಂದೆ ಉಳಿಯುವುದು ಸುಮಾರು ಐದು ಸೆಂ.ಮೀ., 100ರ ಮುಂದೆ ಸುಮಾರು ಹದಿಮೂರು. ಅರ್ಧಗಾತ್ರದಲ್ಲಿ 60ಕ್ಕೆ ನಾಲ್ಕು ಬೆರಳು ಹೆಚ್ಚು ಸಿಕ್ಕೀತು, 100ಕ್ಕೆ ಒಟ್ಟು ಗೇಣಷ್ಟು ಸಿಗುತ್ತದೆ. ನೀರು ಸ್ವಲ್ಪ ಸಹಾಯ ಮಾಡುತ್ತದೆ ನಿಜ: ಅದರ ವಕ್ರೀಭವನಾಂಕ 1.33 ಆದ್ದರಿಂದ 20 ಸೆಂ.ಮೀ. ಒಳಗಿರುವ ಮೀನು 15ರಲ್ಲಿ ಇರುವಂತೆ ಕಾಣುತ್ತದೆ. ಹಾಗಿದ್ದೂ ಹುಡ್ ಒತ್ತಿದ 60ರ ಅರ್ಧಗಾತ್ರದ ಕೈ ತೊಟ್ಟಿಯ ಮುಂದಿನ ಅರ್ಧ ದಾಟುವುದಿಲ್ಲ. 100ರ ಕೈ ಹಿಂದಿನ ಗಾಜಿನ ಹತ್ತಿರಕ್ಕೆ ಹೋಗುತ್ತದೆ. ಮುಂದೆ ಬರುವುದು ಊಟ ಬೇಡುವ ಮೀನು. ಹೆಣ್ಣಿನ ಮುಂದೆ ಬಾಲ ಹರಡಿ ಮೈ ಬಾಗಿಸುವ ಗಂಡು ಇರುವುದು ಹಿಂದೆ, ಗಿಡಗಳ ಸಂದಿಯಲ್ಲಿ. ನನಗೆ ಬೇಕಾದದ್ದು ಅದೇ.

ಇನ್ನೊಂದು ದೋಷವೂ ಉಂಟು. 60 ನೋಡುವ ಕೋನ ಅಗಲ. ಚೌಕಟ್ಟಿನ ಅಂಚಿನ ಕಿರಣಗಳು ಗಾಜು ನೀರುಗಳನ್ನು ಓರೆಯಾಗಿ ದಾಟುತ್ತವೆ. ಓರೆ ದಾಟಿದ ಬೆಳಕು ಬಣ್ಣಬಣ್ಣವಾಗಿ ಸೀಳಿಕೊಂಡು ಬಾಲದ ಅಂಚಿಗೆ ನೇರಳೆ ಗೆರೆ ಎಳೆಯುತ್ತದೆ. ಅಗಲ ಕೋನದಲ್ಲಿ ಫಿಲ್ಟರಿನ ಪೈಪೂ ಇಣುಕುತ್ತದೆ. 100ರಲ್ಲಿ ಕಿರಣಗಳು ನೆಟ್ಟಗೆ, ಹಿನ್ನೆಲೆ ಕಿರಿದು.

ಎರಡೂ ಕಡೆ ದೋಷವಿದ್ದಾಗ ನಿರ್ಣಯ ಹೇಗೆ? ಯಾವ ದೋಷಕ್ಕೆ ಅಗ್ಗದ ಪರಿಹಾರ ಇದೆಯೋ ಆ ಪಕ್ಷವನ್ನು ಹಿಡಿಯಬೇಕು. 60ರ ಗಿಡ್ಡ ಕೈಯನ್ನು ಉದ್ದ ಮಾಡುವ ಉಪಾಯವಿಲ್ಲ. 100ರ ಮುಂದೆ ಬೀಳುವ ಪ್ರತಿಬಿಂಬಕ್ಕೆ ಒಂದು ಗಜ ಕಪ್ಪು ಬಟ್ಟೆ ಸಾಕು. ನಡುವೆ ತೂತು ಮಾಡಿ ಲೆನ್ಸು ತೂರಿಸಿ, ತೊಟ್ಟಿಯ ಮುಂದೆ ಪರದೆಯಂತೆ ಹಿಡಿದರೆ ಗಾಜಿನಲ್ಲಿ ಕತ್ತಲೆಯೊಂದೇ ಕಾಣುತ್ತದೆ. (ಇಳಕಲ್ ಪಕ್ಕದಲ್ಲೇ ಇದೆ ಎಂದು ಸೀರೆ ಕತ್ತರಿಸಬೇಡಿ, ಅಸ್ತರಿನ ಬಟ್ಟೆ ಸಾಕು.) ಆದ್ದರಿಂದ ಒಂದಡಿ ಆಳದ ತೊಟ್ಟಿಗೆ 90ರಿಂದ 105, ಇದು ಸಿದ್ಧಾಂತ. ಫೈಟರ್ ಮೀನು ಸಾಕುವ ಒಂದು ಗೇಣಿಗೂ ಕಡಿಮೆ ಆಳದ ಡಬ್ಬಿಯಾದರೆ 60ರ ವಾದಿಯೇ ಗೆದ್ದ. ತೊಟ್ಟಿಯನ್ನು ಅಳೆಯದೆ ಲೆನ್ಸಿನ ಬೆಲೆ ಕೇಳುವುದೇ ತಪ್ಪು.

ಸಣ್ಣ ಆಕ್ಷೇಪಗಳು ಕೆಲವು ಉಳಿದವು. ಪೋಲರೈಸರ್ ಹಾಕಿದರೆ ಪ್ರತಿಬಿಂಬ ಹೋಗದೇ? ಗಾಜನ್ನು ಐವತ್ತು ಡಿಗ್ರಿ ದಾಟಿ ಓರೆಯಾಗಿ ನೋಡಿದಾಗ ಹೋದೀತು. ಆದರೆ ನಾವು ನೋಡಬೇಕಾದದ್ದು ನೆಟ್ಟಗೆ. ಅಲ್ಲಿ ಅದು ಬೆಳಕನ್ನು ಮಾತ್ರ ನುಂಗುತ್ತದೆ. ಕೈನಡುಕ ತಡೆಯುವ ವ್ಯವಸ್ಥೆ ಇರುವ ದುಬಾರಿ ಲೆನ್ಸು ಬೇಡವೇ? ಅದು ತಡೆಯುವುದು ನನ್ನ ನಡುಕವನ್ನು, ಮೀನಿನ ಓಟವನ್ನಲ್ಲ. ಬಾದಾಮಿಯ ಎರಡನೆಯ ಗುಹೆಯ ಮಾಳಿಗೆಯಲ್ಲಿ ಹದಿನಾರು ಮೀನುಗಳೇ ಅರಗಳಾದ ಚಕ್ರವಿದೆ. ಕತ್ತಲ ಮಾಳಿಗೆಯ ಆ ಕಲ್ಲಿನ ಮೀನಿಗೆ ಈ ವ್ಯವಸ್ಥೆ ವರವೇ ಸರಿ. ಜೀವಂತ ಮೀನನ್ನು ನಿಲ್ಲಿಸುವುದು ಫ್ಲಾಶಿನ ಕ್ಷಣಮಾತ್ರದ ಮಿಂಚು. ಅದನ್ನು ಕ್ಯಾಮೆರಾದ ತಲೆಯ ಮೇಲೆ ಇಡಬಾರದು, ತೊಟ್ಟಿಯ ಗಾಜಿನ ಮುಚ್ಚಳದ ಮೇಲೆ ಕೆಳಮುಖವಾಗಿ ಇಡಬೇಕು. ಆಗ ಬೆಳಕು ಹೊಳೆಯ ಬಿಸಿಲಿನಂತೆ ಮೇಲಿನಿಂದ ಬಿದ್ದು ಹುರುಪೆ ಹೊಳೆಯುತ್ತದೆ. ಕೋಣೆಯನ್ನು ಪೂರ್ತಿ ಕತ್ತಲು ಮಾಡಬೇಡಿ, ಕತ್ತಲಲ್ಲಿ ಮಿಂಚಿದರೆ ಮೀನು ಬೆದರಿ ಗಾಜಿಗೆ ಬಡಿದುಕೊಳ್ಳುತ್ತದೆ.

ರೊಕ್ಕವೇ ಇಲ್ಲದಿದ್ದರೆ? ಯಜ್ಞಕ್ಕೆ ಸೋಮಲತೆ ಸಿಗದಾಗ ಪೂತೀಕ ಎಂಬ ಬದಲಿಯನ್ನು ಮೀಮಾಂಸಕರು ಒಪ್ಪಿದ್ದಾರೆ, ಇಲ್ಲೂ ಬದಲಿ ಉಂಟು. ಇರುವ 50 ಎಂ.ಎಂ. ಲೆನ್ಸಿನ ಹಿಂದೆ 25 ಮಿ.ಮೀ. ಎಕ್ಸ್‌ಟೆನ್ಶನ್ ಟ್ಯೂಬ್ ಕೂಡಿಸಿದರೆ ಅದೇ ಅರ್ಧಗಾತ್ರ ಸಿಗುತ್ತದೆ. ಫೋಕಸ್ ಮಾತ್ರ ಒಂದು ಕಿರಿದಾದ ಪಟ್ಟಿಯೊಳಗೇ ಸಿಕ್ಕಿಬೀಳುತ್ತದೆ, ಮೀನು ಆ ಪಟ್ಟಿಗೆ ಬರುವವರೆಗೆ ಕಾಯಬೇಕು.

ಇನ್ನು ಸಂಗತಿ, ಮುಂದಿನ ಅಧಿಕರಣದ ಜೊತೆಗಿನ ನಂಟು. ಹೊಸ ಲೆನ್ಸಿನ ಮೊದಲ ಚಿತ್ರಗಳಲ್ಲಿ ನೀರಿನ ತುಂಬ ಬಿಳಿ ಚುಕ್ಕೆ, ಗಾಜಿನ ಮೇಲೆ ಅಡ್ಡ ಬಿಳಿ ಪಟ್ಟೆ. ಚುಕ್ಕೆ ತೇಲುವ ಕಸದ್ದು. ಅರ್ಧ ತಾಸು ಮೊದಲು ಫಿಲ್ಟರ್ ಆರಿಸಿದ ಮೇಲೆ ಅದು ತಳ ಸೇರಿತು. ಪಟ್ಟೆ ನಮ್ಮ ಬೋರ್‌ವೆಲ್ ನೀರಿನ ಗಡಸುತನದ್ದು, ಹಳೆಯ ಎಟಿಎಂ ಕಾರ್ಡಿನಿಂದ ಕೆರೆದು ತೆಗೆದೆ. ಅಷ್ಟಾದರೂ ಬಿಳಿ ಗಪ್ಪಿಯ ಹೊಟ್ಟೆಗೆ ತೆಳು ಹಸಿರು ಛಾಯೆ ಉಳಿಯಿತು. ಕಾರಣ ಸಾಮಾನ್ಯ ಗಾಜಿನಲ್ಲಿರುವ ಕಬ್ಬಿಣದ ಅಂಶ. ಕತ್ತರಿಸಿದ ಗಾಜನ್ನು ಅಂಚಿನಿಂದ ನೋಡಿದರೆ ಆ ಹಸಿರು ಎದ್ದು ಕಾಣುತ್ತದೆ. ಅದಕ್ಕೆ ಲೆನ್ಸು ಹೊಣೆಯಲ್ಲ. ತೊಟ್ಟಿಯ ಮುಂಬದಿಗಾದರೂ ಕಬ್ಬಿಣ ಕಡಿಮೆಯಿರುವ ಗಾಜು ಹಾಕಿಸಬೇಕೇ ಬೇಡವೇ ಎಂದು ಸೋದರಮಾವನ ಜೊತೆ ವಾದ ನಡೆದಿದೆ. ಈ ಸಲ ಪೂರ್ವಪಕ್ಷ ನನ್ನದು.