ಅದೇ ವರದಿಯೇ ಇದು?

ಕಚೇರಿಯ ಒಂದೇ ಕಂಪ್ಯೂಟರಿನಲ್ಲಿ, ಮೈಕ್ರೋಸಾಫ್ಟ್ ಆಕ್ಸೆಸ್‌ನಂಥ ಡೇಟಾಬೇಸಿನಿಂದ ವರ್ಷಗಟ್ಟಲೆ ಮುದ್ರಿಸುತ್ತಿದ್ದ ವರದಿಯನ್ನು ವೆಬ್ಬಿಗೆ ತಂದಾಗ, ತೆರೆಯ ಮೇಲೆ ಕಾಣುವುದು ಹಳೆಯ ವರದಿಯೇ, ಇಲ್ಲ ಅದರ ಹೆಸರು ಹೊತ್ತ ಬೇರೊಂದೇ? ತಂತ್ರಾಂಶ ಬರೆಯುವವರಿಗೂ ಲೆಕ್ಕ ತಪಾಸಣೆ ಮಾಡುವವರಿಗೂ ಎದುರಾಗುವ ಈ ಪ್ರಶ್ನೆ ಭಾರತೀಯ ದರ್ಶನಗಳಿಗೆ ಹೊಸದಲ್ಲ. ಹಿಂದೆ ಕಂಡದ್ದನ್ನು ಈಗ ಮತ್ತೆ ಕಂಡು 'ಅದೇ ಇದು' ಎಂದು ಗುರುತಿಸುವುದನ್ನು ಅವು ಪ್ರತ್ಯಭಿಜ್ಞೆ ಎಂದು ಕರೆದು, ಆ ಗುರುತಿಗೆ ಆಧಾರವೇನೆಂದು ಶತಮಾನಗಳ ಕಾಲ ವಾದಿಸಿವೆ.

ಆಕ್ಸೆಸ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ಅದರ ವರದಿಗಳನ್ನು ವೆಬ್ಬಿಗೆ ಏರಿಸಲು ಒಂದರ ಹಿಂದೊಂದು ದಾರಿಗಳು ತೆರೆದುಕೊಂಡವು. ಆಕ್ಸೆಸ್ 97 ವರದಿಯನ್ನು ಎಚ್‌ಟಿಎಂಎಲ್ ಪುಟಗಳಾಗಿ ಮಾಡಿ ಕೊಡುತ್ತಿತ್ತು. ಆಕ್ಸೆಸ್ 2000ದಲ್ಲಿ 'ಡೇಟಾ ಆಕ್ಸೆಸ್ ಪೇಜ್' ಬಂದಿತು. 2010ರ ಆವೃತ್ತಿ ಶೇರ್‌ಪಾಯಿಂಟ್ ಮೂಲಕ ಡೇಟಾಬೇಸನ್ನೇ ವೆಬ್ಬಿನಲ್ಲಿ ನಡೆಸಲು ಹೊರಟಿತು. ಈ ದಾರಿಯ ಮುಂದುವರಿಕೆಯಾದ ವೆಬ್ ಆ್ಯಪ್‌ಗಳನ್ನು ಆನ್‌ಲೈನ್ ಶೇರ್‌ಪಾಯಿಂಟ್‌ನಲ್ಲಿ 2018ರಲ್ಲಿ ನಿಲ್ಲಿಸಲಾಯಿತು. ಪ್ರತಿ ಸಲವೂ ವರದಿಯನ್ನು ಇನ್ನೊಂದು ರೂಪಕ್ಕೆ ದಾಟಿಸಬೇಕಾಯಿತು. ಹಳೆಯ ಬಟ್ಟೆ ಕಳಚಿ ಹೊಸದನ್ನು ಉಡುವ ಗೀತೆಯ ಹೋಲಿಕೆ ಇಲ್ಲಿ ನೆನಪಾಗುವುದು ಸಹಜ. ಆ ಹೋಲಿಕೆ ನಿಲ್ಲಬೇಕಾದರೆ ಬಟ್ಟೆಯಿಂದ ಬೇರೆಯಾದ, ಉಡುವವನೊಬ್ಬ ಇರಬೇಕು. ವರದಿಯಲ್ಲಿ ಅಂಥದ್ದು ಯಾವುದು ಎಂಬುದನ್ನೇ ಮೊದಲು ನೋಡಬೇಕಾಗುತ್ತದೆ.

ಬೌದ್ಧ ಗ್ರಂಥ ಮಿಲಿಂದಪನ್ಹದಲ್ಲಿ ಭಿಕ್ಷು ನಾಗಸೇನ ರಾಜ ಮಿಲಿಂದನನ್ನು ರಥದ ಬಗ್ಗೆ ಪ್ರಶ್ನಿಸುತ್ತಾನೆ. ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲ, ಭಾಗಗಳು ಕೂಡಿದ್ದಕ್ಕೆ ನಾವು ಇಟ್ಟ ಹೆಸರು ರಥ. ಒಂದು ಕೃಷಿ ಸಹಕಾರ ಸಂಘದ ಸಾಲ ಬಾಕಿ ಪಟ್ಟಿಯನ್ನು ಇದೇ ರೀತಿ ಬಿಚ್ಚಿ ನೋಡಬಹುದು. ಸದಸ್ಯರ ಹೆಸರೂ ಮೊಬಲಗೂ ಇರುವ ಟೇಬಲ್ ಒಂದು. ಅದರಿಂದ ಬಾಕಿದಾರರನ್ನು ಹೆಕ್ಕುವ ಕ್ವೆರಿ ಇನ್ನೊಂದು. ಊರಿನ ಹೆಸರಿಗೊಂದು, ಸದಸ್ಯನ ಸಾಲಿಗೊಂದು, ಪುಟದ ತಲೆಗೊಂದು, ಅಡಿಗೊಂದು ಎಂದು ಪಟ್ಟಿ ಪಟ್ಟಿಯಾಗಿ ಕೂಡಿಸಿದ ವಿನ್ಯಾಸ ಮತ್ತೊಂದು. ಮುದ್ರಿಸುವ ಹೊತ್ತಿಗೆ ಹಿನ್ನೆಲೆಯಲ್ಲಿ ಓಡುವ ನಾಲ್ಕಾರು ಸಾಲಿನ ಕೋಡ್ ಕೊನೆಯದು. ಇವುಗಳಲ್ಲಿ ಯಾವುದನ್ನೂ ಬಿಡಿಯಾಗಿ ವರದಿ ಎನ್ನಲಾಗದು. ನೈಯಾಯಿಕರು ಮಾತ್ರ ನಾಗಸೇನನ ತೀರ್ಮಾನವನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಅವಯವಗಳಿಂದ ಹುಟ್ಟಿದ ಅವಯವಿ ಎಂಬುದು ಬೇರೆಯೇ ಒಂದು ವಸ್ತು. ವರದಿಯನ್ನು ಸ್ಥಳಾಂತರಿಸುವವನಿಗೆ ಈ ಭಿನ್ನಮತ ಬರಿಯ ಮಾತಲ್ಲ. ಭಾಗಗಳನ್ನು ಸಾಗಿಸಿದರೆ ಸಾಕೇ, ಇಲ್ಲ ಅವು ಕೂಡಿ ಕೊಡುತ್ತಿದ್ದ ಇನ್ನೇನನ್ನೋ ಸಾಗಿಸಬೇಕೇ ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ಪುಟವನ್ನೇ ತೆಗೆದುಕೊಳ್ಳಬಹುದು. ಕೈಬರಹದ ಲೆಕ್ಕದ ಪುಸ್ತಕದಿಂದ ಬಂದ ರೂಢಿಯಂತೆ, ಪುಟದ ಅಡಿಯಲ್ಲಿ 'ಈ ಪುಟದ ಮೊತ್ತ', ಮುಂದಿನ ಪುಟದ ತಲೆಯಲ್ಲಿ 'ಹಿಂದಿನ ಪುಟದಿಂದ' ಎಂದು ಇರುತ್ತದೆ. ಆಕ್ಸೆಸ್‌ನಲ್ಲಿ ಪುಟದ ಅಡಿಪಟ್ಟಿಗೆ ಕೂಡುವ ಸೂತ್ರವನ್ನು ನೇರವಾಗಿ ಹಾಕಲಾಗದು. ಹಾಕಿದರೆ ದೋಷದ ಗುರುತು ಮೂಡುತ್ತದೆ. ಹಾಗಾಗಿ ಪ್ರತಿ ಸಾಲು ಅಚ್ಚಾಗುವಾಗಲೂ ಮೊತ್ತವನ್ನು ಬೆಳೆಸುತ್ತಾ ಹೋಗುವ ಕೋಡನ್ನು ಯಾರೋ ಬರೆದಿರುತ್ತಾರೆ. ಇನ್ನು ವೆಬ್ಬಿನಲ್ಲಿ ಕಾಗದದ ಅರ್ಥದ ಪುಟವೇ ಇಲ್ಲ. ಸಾಲುಗಳು ತೆರೆಯಲ್ಲಿ ಜಾರುತ್ತಾ ಹೋಗುತ್ತವೆ. ಆಕ್ಸೆಸ್ ತಾನಾಗಿ ಎಚ್‌ಟಿಎಂಎಲ್ ಮಾಡಿದಾಗ ಪ್ರತಿ ಪುಟಕ್ಕೂ ಒಂದು ಕಡತ ಹುಟ್ಟಿ, ಹಿಂದೆ ಮುಂದೆ ಹೋಗುವ ಕೊಂಡಿಗಳು ಅಂಟಿಕೊಳ್ಳುತ್ತವೆ; ಗೆರೆ, ಚೌಕಟ್ಟು, ಚಿತ್ರಗಳು ಬಿದ್ದುಹೋಗುತ್ತವೆ. ಪುಟದ ಮೊತ್ತ ಕಾಗದದ ಅಳತೆಯಿಂದ ಬಂದ ಆಗಂತುಕ ಗುಣವಾಗಿದ್ದರೆ ಅದನ್ನು ಬಿಡಬಹುದು. ಪ್ರತಿ ಪುಟದ ಮೊತ್ತದ ಕೆಳಗೆ ಕಾರ್ಯದರ್ಶಿ ಸಹಿ ಮಾಡುವ ಪದ್ಧತಿ ಇದ್ದಲ್ಲಿ, ಅದು ಹೊಣೆಗಾರಿಕೆಯ ಗುರುತು. ಬಿಟ್ಟರೆ ವರದಿಯ ಸ್ವರೂಪವೇ ಬದಲಾಗುತ್ತದೆ. ಯಾವುದು ಸ್ವರೂಪ, ಯಾವುದು ಆಗಂತುಕ ಎಂಬುದು ಕಡತವನ್ನು ತೆರೆದು ನೋಡಿದರೆ ಗೊತ್ತಾಗುವುದಿಲ್ಲ. ವರದಿಯನ್ನು ಬಳಸುವವರನ್ನೇ ಕೇಳಿ ತಿಳಿಯಬೇಕು.

ಕನ್ನಡದ ವರದಿಗಳಲ್ಲಿ ಇನ್ನೊಂದು ತೊಡಕು ಅಕ್ಷರದಲ್ಲೇ ಇದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ 'ಕ' ಡೇಟಾಬೇಸಿನೊಳಗೆ 'ಕ' ಆಗಿ ಕೂತಿರುವುದಿಲ್ಲ. ಅಲ್ಲಿರುವುದು ಇಂಗ್ಲಿಷಿನ 'ಪಿ' ಅಕ್ಷರದ 80 ಮತ್ತು ತಲೆಯ ಮೇಲೆ ಗೀಟು ಹೊತ್ತ 'ಎ' ಅಕ್ಷರದ 192 ಎಂಬ ಎರಡು ಸಂಖ್ಯೆಗಳು. ಫಾಂಟು ಅವುಗಳಿಗೆ 'ಕ'ದ ಚಿತ್ರ ತೊಡಿಸುತ್ತದೆ. ಆ ಫಾಂಟಿಲ್ಲದ ಕಡೆ ಇಡೀ ವರದಿ ಓದಲಾಗದ ಗೀಚಾಗುತ್ತದೆ. ಯೂನಿಕೋಡಿನಲ್ಲಿ 'ಕ'ಕ್ಕೆ 3221 ಎಂಬ ತನ್ನದೇ ಸಂಖ್ಯೆ ಇದೆ. ಪರಿವರ್ತಿಸುವಾಗ ಒಳಗಿನ ಸಂಖ್ಯೆಗಳೆಲ್ಲ ಬದಲಾದರೂ ಓದುಗನಿಗೆ ಕಾಣುವುದು ಅದೇ ಹೆಸರು. ಭರ್ತೃಹರಿ ವಾಕ್ಯಪದೀಯದಲ್ಲಿ ಧ್ವನಿಯನ್ನೂ ಸ್ಫೋಟವನ್ನೂ ಬೇರ್ಪಡಿಸಿದ್ದು ಇಲ್ಲಿ ನೆರವಾಗುತ್ತದೆ. ಉಚ್ಚಾರ ವೇಗವಾಗಿರಲಿ, ನಿಧಾನವಾಗಿರಲಿ, ಧ್ವನಿಗಳು ಬೇರೆ ಬೇರೆ. ಅವು ತೋರಿಸುವ ಪದ ಒಂದೇ. ಸಂಖ್ಯೆಗಳು ಧ್ವನಿಯ ಸ್ಥಾನದಲ್ಲಿವೆ, ಸದಸ್ಯನ ಹೆಸರು ಸ್ಫೋಟದ ಸ್ಥಾನದಲ್ಲಿದೆ. ಆದರೂ ಧ್ವನಿ ಪೂರ್ತಿ ನಿರ್ಲಿಪ್ತವಲ್ಲ. ಹಳೆಯ ಸಂಖ್ಯೆಗಳ ಕ್ರಮ ವರ್ಣಮಾಲೆಯ ಕ್ರಮವಲ್ಲವಾದ್ದರಿಂದ, ಯೂನಿಕೋಡಿಗೆ ಬಂದ ಮೇಲೆ ಪಟ್ಟಿಯಲ್ಲಿ ಹೆಸರುಗಳು ಜಾಗ ಬದಲಿಸುತ್ತವೆ. ಹಳೆಯ ಕ್ರಮಸಂಖ್ಯೆಯನ್ನು ಹಿಡಿದು ಹುಡುಕುವವನಿಗೆ ಅಲ್ಲಿ ಬೇರೊಬ್ಬನ ಹೆಸರು ಸಿಗುತ್ತದೆ.

ಲೆಕ್ಕದಲ್ಲೂ ಇಂಥ ಒಳವ್ಯತ್ಯಾಸಗಳಿವೆ. ಆಕ್ಸೆಸ್‌ನ ರೌಂಡ್ ಸೂತ್ರ ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ, 2.5 ಅಲ್ಲಿ 2 ಆಗುತ್ತದೆ. ವೆಬ್ಬಿಗಾಗಿ ಡೇಟಾವನ್ನು ಎಸ್‌ಕ್ಯೂಎಲ್ ಸರ್ವರ್‌ಗೆ ಸಾಗಿಸಿದರೆ ಅಲ್ಲಿ ಅದೇ 2.5 ಮೂರಾಗುತ್ತದೆ. ಸೂತ್ರದ ಹೆಸರು ಒಂದೇ, ಅಂಕಿಗಳೂ ಒಂದೇ, ಉತ್ತರ ಮಾತ್ರ ಬೇರೆ.

ಇದಕ್ಕಿಂತ ಆಳವಾದದ್ದು ಕಾಲದ ಪ್ರಶ್ನೆ. ಕಾಗದದ ಮೇಲಿನ ವರದಿ ಒಂದು ದಿನದ ಮಾತು; ಮಾರ್ಚ್ 31ರಂದು ಅಚ್ಚಾದದ್ದು ಆ ದಿನದ ಸ್ಥಿತಿಯನ್ನೇ ಹೇಳುತ್ತಿರುತ್ತದೆ. ಡೇಟಾಬೇಸಿಗೆ ನೇರವಾಗಿ ಕಟ್ಟಿದ ವೆಬ್ ವರದಿ ತೆರೆದಾಗಲೆಲ್ಲ ಹೊಸದಾಗಿ ಹುಟ್ಟುತ್ತದೆ. ನಿನ್ನೆ ತೆರೆದದ್ದನ್ನೇ ಇವತ್ತೂ ತೆರೆದೆನೆಂದು ಓದುಗ ಭಾವಿಸಬಹುದು. ಬೌದ್ಧರು ಪ್ರತ್ಯಭಿಜ್ಞೆಯನ್ನು ಇಂಥ ಕಡೆಯೇ ಶಂಕಿಸಿದ್ದು. ದೀಪದ ಕುಡಿ ಕ್ಷಣಕ್ಷಣವೂ ಬೇರೆ, ಕತ್ತರಿಸಿ ಮತ್ತೆ ಬೆಳೆದ ಕೂದಲೂ ಬೇರೆ. ಸಾದೃಶ್ಯ ಕಂಡು 'ಅದೇ' ಎನ್ನುತ್ತೇವೆ ಎಂಬುದು ಅವರ ವಾದ. ನೇರ ವರದಿ ಪ್ರತ್ಯಕ್ಷದಂತೆ ಈಗಿನದನ್ನು ತೋರಿಸುತ್ತದೆ, ಪಿಡಿಎಫ್ ಆಗಿ ತೆಗೆದಿಟ್ಟದ್ದು ಸ್ಮೃತಿಯಂತೆ ಅಂದಿನದನ್ನು ಕಾಯುತ್ತದೆ. ವಿವಾದದಲ್ಲಿ ಸಾಕ್ಷಿಯಾಗಿ ಬಳಸುವ ವರದಿಗೆ ಎರಡನೆಯದೇ ಬೇಕು. ನೇರ ವರದಿಯನ್ನೇ ಇಡುವುದಾದರೆ, ಯಾವ ತಾರೀಖಿನ, ಯಾವ ಹೊತ್ತಿನ ಲೆಕ್ಕ ಎಂಬುದು ಅದರ ಮೇಲೆಯೇ ಇರಬೇಕು.

ಓದುಗ ಬದಲಾಗುವುದೂ ವರದಿಯನ್ನು ಬದಲಿಸುತ್ತದೆ. ಸಂಘದ ಬೀರುವಿನಲ್ಲಿದ್ದ ಬಾಕಿ ಪಟ್ಟಿಯನ್ನು ನೋಡುತ್ತಿದ್ದವರು ಕಾರ್ಯದರ್ಶಿ, ಆಡಳಿತ ಮಂಡಳಿ, ತಪಾಸಣೆಗೆ ಬಂದವರು. ವೆಬ್ಬಿನಲ್ಲಿ ತೆರೆದಿಟ್ಟರೆ ಅದೇ ಸಾಲು ಊರವರೆದುರು ಒಬ್ಬನ ಸಾಲವನ್ನು ಸಾರುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆ ಸಾರ್ವಜನಿಕ ಪ್ರಾಧಿಕಾರಗಳಿಗೆ ಮಾಹಿತಿಯನ್ನು ತಾವಾಗಿಯೇ ಪ್ರಕಟಿಸುವ ಹೊಣೆ ಹೊರಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ವ್ಯಕ್ತಿಯ ವಿವರಗಳ ಬಳಕೆಗೆ ಕಟ್ಟುಪಾಡು ಹಾಕಿದೆ. ಊರುವಾರು ಮೊತ್ತ ಎಲ್ಲರಿಗೂ, ಹೆಸರಿನ ಸಾಲು ಲಾಗಿನ್ ಇದ್ದವರಿಗೆ ಮಾತ್ರ ಎಂದು ವಿಂಗಡಿಸಿದಾಗ ಒಂದು ವರದಿ ಎರಡಾಗುತ್ತದೆ. ಅರ್ಹತೆಗೆ ತಕ್ಕಂತೆ ಹೇಳುವುದು ಬೇರೆಯಾಗುವ ಅಧಿಕಾರಿಭೇದ ಎಂಬ ಶಾಸ್ತ್ರದ ಮಾತು ಇಲ್ಲಿ ನೇರವಾಗಿ ಹೊಂದುತ್ತದೆ.

ಇಷ್ಟೆಲ್ಲ ಬದಲಾದ ಮೇಲೂ 'ಅದೇ' ಎನ್ನಲು ಸಾಧ್ಯವೇ? ಅದ್ವೈತಿಗಳು ತತ್ತ್ವಮಸಿ ವಾಕ್ಯವನ್ನು ಬಿಡಿಸಲು ಒಂದು ದೃಷ್ಟಾಂತ ಕೊಡುತ್ತಾರೆ. ಎಂದೋ ಎಲ್ಲೋ ಕಂಡಿದ್ದ ದೇವದತ್ತನನ್ನು ಇಂದು ಇಲ್ಲಿ ಕಂಡು 'ಆ ದೇವದತ್ತನೇ ಈತ' ಎನ್ನುವಾಗ, ಆ ಕಾಲ ದೇಶ ಮತ್ತು ಈ ಕಾಲ ದೇಶ ಎಂಬ ವಿರುದ್ಧ ಅಂಶಗಳನ್ನು ಬಿಟ್ಟು, ದೇವದತ್ತನನ್ನು ಮಾತ್ರ ಉಳಿಸಿಕೊಳ್ಳುತ್ತೇವೆ. ಇದಕ್ಕೆ ಭಾಗತ್ಯಾಗ ಲಕ್ಷಣೆ ಎಂದು ಹೆಸರು. ವರದಿಯ ಏಕತೆಯೂ ಹೀಗೆಯೇ ನಿಲ್ಲುತ್ತದೆ. ಕಾಗದದ ಅಳತೆ, ಫಾಂಟಿನ ಸಂಖ್ಯೆ, ಆಕ್ಸೆಸ್‌ನ ಎಂಡಿಬಿ ಕಡತ ಇವನ್ನು ಬಿಡಬಹುದು. 'ಈ ದಿನಕ್ಕೆ ಈ ಊರಿನಿಂದ ಎಷ್ಟು ಬಾಕಿ?' ಎಂಬ ಪ್ರಶ್ನೆಗೆ ಅದೇ ಉತ್ತರ, ಅದೇ ಹೊಣೆಗಾರಿಕೆಯೊಂದಿಗೆ ಬರಬೇಕು. ದೇವದತ್ತನ ಸಂದರ್ಭದಲ್ಲಿ ಬಿಡುವ ಅಂಶಗಳು ತಾವಾಗಿಯೇ ಹೊಳೆಯುತ್ತವೆ. ವರದಿಯಲ್ಲಿ ಅವನ್ನು ಒಂದೊಂದಾಗಿ ಹೆಸರಿಸಿ ಬರೆದಿಡಬೇಕು.

ಗ್ರೀಕರ ಥೀಸಿಯಸ್‌ನ ಹಡಗಿನ ಕಥೆಗೆ 17ನೇ ಶತಮಾನದಲ್ಲಿ ಥಾಮಸ್ ಹಾಬ್ಸ್ ಒಂದು ತಿರುವು ಸೇರಿಸಿದ. ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋದಾಗ, ಕಳಚಿದ ಹಳೆಯ ಹಲಗೆಗಳಿಂದ ಇನ್ನೊಂದು ಹಡಗು ಕಟ್ಟಿದರೆ ನಿಜವಾದದ್ದು ಯಾವುದು? ಸ್ಥಳಾಂತರದ ತಿಂಗಳುಗಳಲ್ಲಿ ಇದೇ ಸ್ಥಿತಿ. ಮೂಲೆಯ ಕಂಪ್ಯೂಟರಿನಲ್ಲಿ ಹಳೆಯ ಆಕ್ಸೆಸ್ ಕಡತ ಇನ್ನೂ ವರದಿ ಕೊಡುತ್ತಿರುತ್ತದೆ, ವೆಬ್ಬೂ ಕೊಡುತ್ತಿರುತ್ತದೆ. ರೂಢಿಯಲ್ಲಿರುವ ಪರಿಹಾರ ಎರಡನ್ನೂ ಕೆಲಕಾಲ ಜೊತೆಗೇ ನಡೆಸಿ ತಾಳೆ ನೋಡುವುದು. ಒಂದು ಊರಿನ ಮೊತ್ತದಲ್ಲಿ ಒಂದು ರೂಪಾಯಿ ಹೆಚ್ಚು ಬಂದರೆ ಅದನ್ನು ತಿದ್ದಿ ಮುಚ್ಚುವಂತಿಲ್ಲ. ಅರ್ಧವನ್ನು ಪೂರ್ಣ ಮಾಡುವ ನಿಯಮದ ವ್ಯತ್ಯಾಸದಿಂದ ಬಂದದ್ದೆಂದು ಪತ್ತೆ ಮಾಡಿ, ಯಾವ ನಿಯಮ ಉಳಿಯಬೇಕೆಂದು ಸಂಘವೇ ತೀರ್ಮಾನಿಸಬೇಕು. ಕಾರಣ ಸಿಗದ ವ್ಯತ್ಯಾಸ ಒಂದೂ ಉಳಿಯದಾಗ ಹಳೆಯ ಕಡತವನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿಡುತ್ತಾರೆ. ವೆಬ್ಬಿನಲ್ಲಿರುವುದನ್ನು ಅದೇ ವರದಿ ಎನ್ನಲು ಆಧಾರ ಸಿಗುವುದು ಆಗ.