ಸಹನೆಯ ಎಲ್ಲೆ

ಗುರುವಿನ ನಿದ್ದೆ ಕೆಟ್ಟೀತೆಂದು ತನ್ನ ತೊಡೆಯನ್ನು ಕೊರೆಯುವ ಕೀಟವನ್ನು ಸಹಿಸಿ ಕುಳಿತ ಕರ್ಣನ ಕಥೆಯನ್ನು ನಾವು ಮಕ್ಕಳಿಗೆ ಹೇಳುವಾಗ ಅವನ ಸಹನೆಯನ್ನು ಹೊಗಳಿಯೇ ಹೇಳುತ್ತೇವೆ. ಅದು ಯುಕ್ತವೇ ಸರಿ. ಆದರೆ ಅಲ್ಲಿಯ ಒಂದು ಸಂಗತಿಯನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕರ್ಣನ ನೋವಿನಿಂದ ಇನ್ನೊಬ್ಬನಿಗೆ ನಿದ್ದೆ ದೊರೆಯುತ್ತಿತ್ತು. ನೋವಾದರೋ ಅವನೊಬ್ಬನದೇ ಆಗಿತ್ತು. ಸಹನೆಯನ್ನು ಗುಣವೆಂದೆಣಿಸಲು ಈ ಎರಡೂ ಬೇಕೆಂದು ನಮಗೆ ತೋರುತ್ತದೆ. ಇವೆರಡೂ ಇಲ್ಲದೆಡೆಯಲ್ಲಿ ನೋವನ್ನು ಮುಚ್ಚಿಡುವುದಕ್ಕೆ ಯಾವ ಹೆಸರು ಕೊಡಬೇಕು?

ಆರಗದಂಥ ಊರಿನಲ್ಲಿ ಇದು ಬರಿಯ ಪುರಾಣದ ಪ್ರಶ್ನೆಯಲ್ಲ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರವಾದ ಬೆಳಗಾವಿ ನಮಗೆ ದೂರವಲ್ಲ. ನೆರೆಯ ಶಿರೋಳ ತಾಲೂಕಿನ ಸೈನಿಕ ಟಾಕಳಿಗೆ ಹೆಸರೇ ಸೈನಿಕರಿಂದ ಬಂದಿದೆ. ಈ ಸೀಮೆಯ ತರುಣರು ಸೈನ್ಯ ಸೇರುವುದು ಹಳೆಯ ರೂಢಿ. ರಜೆಗೆ ಬಂದವರು ಇಂಗ್ಲಿಷ್ ಕಾಗದಗಳನ್ನು ಓದಿಸಿಕೊಳ್ಳಲು ಶಾಲೆಗೆ ಬರುವುದೂ ರೂಢಿಯೇ. ಅಂಥವರೊಬ್ಬರ ಮೊಣಕಾಲು ಮೆಟ್ಟಿಲೇರಲು ಒಲ್ಲದು, ಎಡಗಿವಿಯೂ ಮಂದವಾಗಿದೆ. ಇದನ್ನು ಅಲ್ಲಿಯ ವೈದ್ಯರಿಗೆ ತಿಳಿಸಿದ್ದೀರಾ ಎಂದು ಕೇಳಿದರೆ, “ಹೇಳಿ ಏನ ಮಾಡೂದೈತ್ರಿ ಗುರುಗಳ? ಇನ್ನ ಎಂಟ ತಿಂಗಳ ಕಳದ್ರ ಮನಿಗೇ ಬರ್ತೇನಲ್ರಿ,” ಎಂದರು.

ಈ ಮಾತಿನ ಹಿಂದೆ ಅಂಜಿಕೆಯೂ ಇದೆ, ಅಭಿಮಾನವೂ ಇದೆ. ಸೈನ್ಯದಲ್ಲಿ ಪೂರ್ಣ ಸ್ವಸ್ಥನಾದವನನ್ನು ‘ಶೇಪ್-1’ ಎನ್ನುತ್ತಾರೆ. ಆ ದರ್ಜೆಯಿಂದ ಇಳಿದರೆ ಬಡತಿಗೋ ಸೇವೆಯ ಮುಂದುವರಿಕೆಗೋ ಅಡ್ಡಿಯಾದೀತೆಂಬುದು ಅಂಜಿಕೆ. ಪೆನ್ಶನ್ನಿನ ಆಸೆಗೆ ಕುಂಟುತ್ತಾನೆಂದು ಜೊತೆಯವರು ನಕ್ಕಾರೆಂಬುದು ಅಭಿಮಾನ. ಎರಡನ್ನೂ ನಾವು ಹಗುರಾಗಿ ಕಾಣಲಾರೆವು. ಆದರೆ ಎಂಟು ತಿಂಗಳಲ್ಲಿ ಮನೆಗೆ ಬರುವವನಿಗೆ ಇನ್ನು ಬಡತಿಯ ಮಾತೆಲ್ಲಿ? ಉಳಿದದ್ದು ಅಭಿಮಾನವೊಂದೇ. ಆ ಅಭಿಮಾನದ ಬೆಲೆಯನ್ನು ಯಾರು ತೆರುತ್ತಾರೆಂಬುದನ್ನು ನೋಡಬೇಕು.

ಬಿಡುಗಡೆಗೆ ಮುಂಚೆ, ಬೇನೆಯಿಂದ ದರ್ಜೆ ಇಳಿದ ಸೈನಿಕನನ್ನು ವೈದ್ಯಮಂಡಳಿ ಪರೀಕ್ಷಿಸುತ್ತದೆ. ಬೇನೆ ಎಂದು, ಎಲ್ಲಿ ಮೊದಲಾಯಿತು, ಅದು ಸೇವೆಯಿಂದ ಹುಟ್ಟಿತೋ ಅಥವಾ ಸೇವೆಯಿಂದ ಉಲ್ಬಣಿಸಿತೋ ಎಂಬುದನ್ನು ಬರೆದಿಡುತ್ತದೆ. ಊನದ ಪ್ರಮಾಣವನ್ನು ನೂರಕ್ಕೆ ಇಷ್ಟೆಂದು ನಿರ್ಧರಿಸುತ್ತದೆ. ಅದು ಇಪ್ಪತ್ತಕ್ಕೆ ಕಡಿಮೆಯಾದರೆ ಅಂಗವೈಕಲ್ಯದ ಪೆನ್ಶನ್ ಸಾಮಾನ್ಯವಾಗಿ ದೊರೆಯದು. ಸೇರುವಾಗ ಬೇನೆಯಿತ್ತೆಂದು ದಾಖಲೆಯಿಲ್ಲದಿದ್ದರೆ, ಆಮೇಲೆ ಬಂದದ್ದು ಸೇವೆಯಿಂದಲೇ ಬಂದಿತೆಂದು ಭಾವಿಸತಕ್ಕದ್ದೆಂದು 2013ರಲ್ಲಿ ಧರ್ಮವೀರ ಸಿಂಗರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. 2023ರಲ್ಲಿ ಸರಕಾರವು ಹೊಸ ನಿಯಮಗಳನ್ನು ತಂದಿತು. ನಿಯಮ ಯಾವುದೇ ಇರಲಿ, ಹೇಳದ ಬೇನೆಗೆ ದಾಖಲೆಯಿಲ್ಲ. ಮನೆಗೆ ಬಂದ ಮೇಲೆ ಅದನ್ನು ಸಿದ್ಧಪಡಿಸಹೊರಟವನು ಅರ್ಜಿಯ ಮೇಲೆ ಅರ್ಜಿ ಬರೆದು, ಕಡೆಗೆ 2009ರಲ್ಲಿ ಆರಂಭವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮುಂಬಯಿ ಪೀಠದವರೆಗೆ ಅಲೆಯಬೇಕಾದೀತು.

ಪೆನ್ಶನ್‌ದಾರರಿಗೆ 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆಯಿದೆಯಲ್ಲ ಎನ್ನಬಹುದು. ಔಷಧ ಸಿಕ್ಕೀತು, ನಿಜ. ಆದರೆ ಹೊಲದಲ್ಲಿ ನಿಲ್ಲಲಾರದ ಕಾಲಿಗೆ ಬದಲಾಗಿ ನಿಲ್ಲುವವಳು ಹೆಂಡತಿ; ಆಳಿನ ಕೂಲಿ ಹೊಂದಿಸುವವನು ಕಾಲೇಜು ಬಿಟ್ಟ ಮಗ. ಕರ್ಣನ ನೋವು ಅವನ ತೊಡೆಯಲ್ಲಿಯೇ ನಿಂತಿತ್ತು. ಈ ನೋವು ಮನೆಯೊಳಗೆಲ್ಲ ನಡೆದಾಡುತ್ತದೆ. ಇದರಿಂದ ಯಾರ ನಿದ್ದೆಯೂ ಉಳಿಯುವುದಿಲ್ಲ.

ಇನ್ನೊಂದು ಪಕ್ಷವೂ ಇದೆ. ಇಲ್ಲದ ಬೇನೆಯನ್ನು ಹೇಳುವವರು, ಇದ್ದುದನ್ನು ಹಿಗ್ಗಿಸುವವರು ಇಲ್ಲವೇ? ಇದ್ದಾರು. ಅಂಗವೈಕಲ್ಯದ ಪೆನ್ಶನ್ ಪಡೆದು ನಿವೃತ್ತರಾಗುವವರ ಪ್ರಮಾಣ ಜವಾನರಲ್ಲಿರುವುದಕ್ಕಿಂತ ಅಧಿಕಾರಿಗಳಲ್ಲಿ ಸುಮಾರು ಇಮ್ಮಡಿಯೆಂಬುದು ಮಹಾಲೇಖಪಾಲರ 2023ರ ವರದಿಯಿಂದ ಕಾಣುತ್ತದೆ. ಅಧಿಕಾರಿಗಳು ಹೆಚ್ಚು ಹೇಳಿದರೋ, ಜವಾನರು ಕಡಿಮೆ ಹೇಳಿದರೋ, ನಾವು ನಿರ್ಣಯಿಸಲಾರೆವು. ಒಬ್ಬನ ಸುಳ್ಳಿಗೆ ಇನ್ನೊಬ್ಬನು ಮೌನದಿಂದ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂಬುದಂತೂ ಯಾವ ನೀತಿಯೂ ಅಲ್ಲ. ಇಲ್ಲದ್ದನ್ನು ಇದೆಯೆನ್ನುವಂತೆ ಇದ್ದದ್ದನ್ನು ಇಲ್ಲವೆನ್ನುವುದೂ ಅಸತ್ಯವೇ. ಬಿಡುಗಡೆಯ ಪರೀಕ್ಷೆಯಲ್ಲಿ ‘ಏನೂ ತೊಂದರೆಯಿಲ್ಲ’ ಎಂದು ಸಹಿ ಮಾಡುವವನು ಇದನ್ನು ಯೋಚಿಸತಕ್ಕದ್ದು.

ಕಾಲಿನ ಮಾತು ಹೇಗೋ ಬಾಯಿಗೆ ಬಂದೀತು. ಮನಸ್ಸಿನ ಮಾತು ಇನ್ನೂ ಕಠಿಣ. ರಾತ್ರಿ ಬೆಚ್ಚಿ ಏಳುವುದು, ಕಾರಣವಿಲ್ಲದೆ ಸಿಡಿಯುವುದು, ಮಕ್ಕಳ ಗದ್ದಲ ಸೇರದಿರುವುದು, ಇವು ಬೇನೆಯೆಂದು ನಮ್ಮ ಹಳ್ಳಿಗಳಲ್ಲಿ ಇನ್ನೂ ಒಪ್ಪುವುದಿಲ್ಲ. ವಿಚಿತ್ರವೆಂದರೆ ಸೈನ್ಯವು ಒಪ್ಪಿದೆ. ‘ಶೇಪ್’ ಎಂಬುದರ ಐದು ಅಕ್ಷರಗಳಲ್ಲಿ ಮೊದಲನೆಯದೇ ಮನಸ್ಸಿಗೆ ಮೀಸಲು. ಕಿವಿ, ಕೈಕಾಲು, ಶರೀರ, ಕಣ್ಣು ಆಮೇಲೆ.

2022ರ ಅಗ್ನಿಪಥ ಯೋಜನೆಯಿಂದ ಸೇರಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಈ ವಿಚಾರ ಇನ್ನೂ ಬೇಗ ಎದುರಾಗುತ್ತದೆ. ನಾಲ್ಕು ವರ್ಷಕ್ಕೆ ಮರಳುವವರಿಗೆ ಸೇವೆಯ ಪೆನ್ಶನ್ ಇಲ್ಲ. ಊನವು ಸೇವೆಯಿಂದಾಯಿತೆಂದು ಮಂಡಳಿ ಬರೆದರೆ ಅದರ ಪ್ರಮಾಣ ನೋಡಿ ಒಮ್ಮೆಗೆ ಒಂದು ಮೊತ್ತ ದೊರೆಯುತ್ತದೆ, ಅಷ್ಟೇ. ಇಪ್ಪತ್ತೆರಡರ ಹುಡುಗನು ನೋವನ್ನು ನುಂಗಿ ಮನೆಗೆ ಬಂದರೆ ಮುಂದಿನ ನಲವತ್ತು ವರ್ಷ ಅದನ್ನು ನುಂಗುತ್ತಲೇ ಇರಬೇಕು.

ಮೊಣಕಾಲಿನ ಆ ಸೈನಿಕರಿಗೆ ನಾವು ಇಷ್ಟೆಲ್ಲ ಹೇಳಲಿಲ್ಲ. ನೋಟುಬುಕ್ಕಿನ ಹಾಳೆಯೊಂದರ ಮೇಲೆ ಯಾವ ವರ್ಷ, ಯಾವ ಠಾಣೆ, ಏನಾದಾಗ ನೋವು ಶುರುವಾಯಿತು ಎಂದು ಅವರು ಹೇಳಿದಂತೆ ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲಿಷಿನಲ್ಲಿಯೂ ಬರೆದುಕೊಟ್ಟೆವು. ಕಿವಿಯ ವಿಷಯಕ್ಕೆ ಬಂದಾಗ ಅದನ್ನು ಬಿಟ್ಟುಬಿಡಿರೆಂದರು. ಅದನ್ನೂ ಬರೆದೆವು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು ಹೋದರು.