ಎರಡನೆಯ ಏಟು

ನನ್ನ ತಮ್ಮ ಪೊಲೀಸ್ ಇಲಾಖೆಗೆ ಸೇರಿದಾಗ ಅಂಕೋಲೆಯ ನಮ್ಮ ತವರುಮನೆಯಲ್ಲಿ ಸಂಭ್ರಮಪಟ್ಟವರಿಗಿಂತ ಸುಮ್ಮನಿದ್ದವರೇ ಹೆಚ್ಚು. ಸರ್ಕಾರಿ ನೌಕರಿ, ತಿಂಗಳ ಸಂಬಳ, ಎಲ್ಲ ಸರಿ. ಆದರೆ ಅದು ಉಪ್ಪಿನ ಸತ್ಯಾಗ್ರಹ ಮಾಡಿದ ಊರು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಲ್ಲಿ ಉಪ್ಪಿನ ಕಾಯಿದೆ ಮುರಿದಾಗ ನೆರೆದ ಜನರಲ್ಲಿ ನನ್ನ ಅಜ್ಜನೂ ಇದ್ದ. ಆಮೇಲೆ ಕರನಿರಾಕರಣೆ, ಜಪ್ತಿ, ಜೈಲು. ಖಾಕಿ ಅಂಗಿ ಅಂದರೆ ನಮ್ಮ ಮನೆಗೆ ಒಂದು ಹಳೆಯ ಕಹಿ. ಆ ಅಂಗಿ ಈಗ ನಮ್ಮದೇ ಹಿತ್ತಲಿನ ಹಗ್ಗದ ಮೇಲೆ ಒಣಗತೊಡಗಿತ್ತು.

ನಾನು ಹೇಳಹೊರಟದ್ದು ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ತಮ್ಮ ಬೇರೆ ಜಿಲ್ಲೆಯಲ್ಲಿದ್ದ. ಅಲ್ಲಿಯ ಒಂದು ಊರಿನಲ್ಲಿ ಕಾಲೇಜಿನ ಹುಡುಗರು ಬಸ್ಸು ಸಾಲುವುದಿಲ್ಲವೆಂದು ರಸ್ತೆಯಲ್ಲಿ ಕೂತರಂತೆ. ಬೆಳಿಗ್ಗೆ ಘೋಷಣೆಯಿಂದ ಶುರುವಾದದ್ದು ಮಧ್ಯಾಹ್ನದ ಹೊತ್ತಿಗೆ ಕಲ್ಲು ತೂರಾಟಕ್ಕೆ ಬಂತು. ಲಾಠಿ ಬೀಸಿದರು. ಮರುವಾರ ಅವನು ರಜೆ ಹಾಕಿ ಕಾರವಾರಕ್ಕೆ, ನಮ್ಮ ಮನೆಗೆ ಬಂದ. ಹುಬ್ಬಿನ ಮೇಲೆ ಮೂರು ಹೊಲಿಗೆ. ಆಯಿಯೂ ಆಗ ನನ್ನ ಹತ್ತಿರವೇ ಇದ್ದಳು. ಅವನಿಗೆ ಇಷ್ಟವೆಂದು ಬಂಗಡೆ ಸಾರು ಮಾಡಿದ್ದೆ.

ನನ್ನ ಮಗ ಆಗ ಪಿ.ಯು.ಸಿ. ಓದುತ್ತಿದ್ದ. ಬಸ್ಸಿಗಾಗಿ ಕಾದು ಕಾದು ಬೇಸತ್ತ ಗೆಳೆಯರು ಅವನಿಗೂ ಇದ್ದರು. ಊಟದ ನಡುವೆ ಕೇಳಿಯೇ ಬಿಟ್ಟ.

"ಮಾಮಾ, ನೀನೂ ಹೊಡೆದ್ಯಾ?"

"ಹೊಡೀರಿ ಅಂದ್ರು, ಹೊಡೆದೆ."

"ಅಲ್ಲಿ ನಾನಿದ್ದಿದ್ರೆ?"

"ಉಣ್ಲಿಕ್ಕೆ ಬಿಡು ಅವ್ನಿಗೆ" ಎಂದು ಆಯಿ ಗದರಿದಳು. ತಮ್ಮ ಅನ್ನ ಕಲಸುತ್ತಲೇ ಇದ್ದ, ಬಾಯಿಗಿಡಲಿಲ್ಲ.

ರಾತ್ರಿ ಜಗಲಿಯಲ್ಲಿ ನಾವಿಬ್ಬರೇ ಕೂತಾಗ ತಾನಾಗಿಯೇ ಹೇಳಿದ. ಬೆಳಿಗ್ಗೆ ಆರರಿಂದ ನಿಂತದ್ದು, ಒಂದು ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ. ಕಲ್ಲು ಬಿದ್ದು ಕಣ್ಣಿಗೆ ರಕ್ತ ಇಳಿದಿತ್ತು. ಚದುರಿಸಿ ಎಂದು ಅಪ್ಪಣೆಯಾಯಿತು. ಎದುರಿಗಿದ್ದ ಹುಡುಗನ ಕಾಲಿಗೆ ಒಂದು ಏಟು ಕೊಟ್ಟ. ಹುಡುಗ ತಿರುಗಿ ಓಡಿದ. "ಅಷ್ಟಕ್ಕೆ ಮುಗೀತಿತ್ತು ಅಕ್ಕಾ. ನಾನು ಬೆನ್ನತ್ತಿ ಹೋಗಿ ಇನ್ನೊಂದು ಹಾಕಿದೆ. ಬೆನ್ನಿಗೆ. ಕಲ್ಲು ಹೊಡೆದವ ಅವನೇ ಹೌದೋ ಅಲ್ಲವೋ, ದೇವರಾಣೆ ನಂಗೆ ಗೊತ್ತಿಲ್ಲ."

ಆ ಎರಡನೆಯ ಏಟು ಯಾರದ್ದು? ಇಷ್ಟು ವರ್ಷ ನಾನು ಬಿಡದೆ ಕೇಳಿಕೊಂಡದ್ದು ಇದನ್ನೇ. ಕಾನೂನು ಓದಿದವಳಲ್ಲ ನಾನು. ಆದರೂ ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 129ನೇ ಕಲಮು, 2024ರ ಜುಲೈಯಿಂದ ಬಂದ ಹೊಸ ಸಂಹಿತೆಯ 148ನೇ ಕಲಮು, ಎರಡರ ಕ್ರಮವೂ ಒಂದೇ. ಮೊದಲು ಚದುರಿ ಎಂದು ಹೇಳಬೇಕು. ಕೇಳದಿದ್ದರೆ ಬಲ ಬಳಸಿ ಚದುರಿಸಬಹುದು. ಅಂದರೆ ಬಲ ಇರುವುದು ಚದುರಿಸುವುದಕ್ಕೆ. ಓಡಿದವನು ಚದುರಿ ಆಯಿತಲ್ಲ! ಆಮೇಲೆ ಬೀಳುವ ಏಟು ಶಿಕ್ಷೆ, ಮತ್ತು ಶಿಕ್ಷೆ ಕೊಡುವುದು ಕೋರ್ಟಿನ ಕೆಲಸ. 2019ರ ಡಿಸೆಂಬರಿನಲ್ಲಿ ದಿಲ್ಲಿಯ ಜಾಮಿಯಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಪೊಲೀಸರು ನುಗ್ಗಿ ಲಾಠಿ ಬೀಸಿದ ಚಿತ್ರಗಳನ್ನು ಟಿ.ವಿ.ಯಲ್ಲಿ ನೋಡಿದಾಗ ನನಗೆ ಇದೇ ನೆನಪಾಯಿತು. ಕಲ್ಲು ಎಸೆದವರನ್ನು ಅಟ್ಟಿಸಿಕೊಂಡು ಒಳಹೊಕ್ಕೆವು ಅಂದರು. ಇರಬಹುದು. ಆದರೆ ಮೇಜಿನ ಮುಂದೆ ಕೂತವರನ್ನು ಎಲ್ಲಿಗೆ ಚದುರಿಸುವುದು?

ಅಪ್ಪಣೆ ಕೊಟ್ಟವರ ಪಾಲು ಇಲ್ಲವೆಂದು ನಾನು ಹೇಳುತ್ತಿಲ್ಲ. ತಮ್ಮನ ತಪ್ಪಿನಲ್ಲಿ ಅವನನ್ನು ಹಸಿದ ಹೊಟ್ಟೆಯಲ್ಲಿ ಬಿಸಿಲಿಗೆ ನಿಲ್ಲಿಸಿದವರದ್ದೂ ಇದೆ. 1942ರ ಆಗಸ್ಟಿನಲ್ಲಿ ಹುಬ್ಬಳ್ಳಿಯಲ್ಲಿ ನಾರಾಯಣ ಡೋಣಿ ಎಂಬ ಶಾಲಾ ಹುಡುಗ ಗುಂಡಿಗೆ ಬಿದ್ದ. ಅದು ಪರಕೀಯರ ಸರ್ಕಾರ ಅಂದೆವು. ಮೈಸೂರಿನ ವಿದ್ಯಾರ್ಥಿ ರಾಮಸ್ವಾಮಿ ಬಿದ್ದದ್ದು 1947ರ ಸೆಪ್ಟೆಂಬರಿನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದು ತಿಂಗಳೂ ತುಂಬದ ಹೊತ್ತಿಗೆ, ಮಹಾರಾಜರ ಆಡಳಿತದಲ್ಲಿ ಜವಾಬ್ದಾರಿ ಸರ್ಕಾರ ಕೇಳಿದ ಚಳವಳಿಯಲ್ಲಿ. ಈಗ ಅವನ ಹೆಸರಿನ ವೃತ್ತವಿದೆ, ಬಸ್ಸುಗಳು ಅದನ್ನು ಸುತ್ತಿ ಹೋಗುತ್ತವೆ. ಆ ಹುಡುಗರ ಹೆಸರು ನಮಗೆ ಗೊತ್ತು. ಗುಂಡು ಹಾರಿಸಿದ ಬೆರಳಿನವರು ಮನೆಗೆ ಹೋಗಿ ಹೇಗೆ ಉಂಡರೋ, ಅವರ ಅಕ್ಕತಂಗಿಯರು ಏನು ಬಡಿಸಿದರೋ, ಅದನ್ನು ಯಾರೂ ಬರೆದಿಡಲಿಲ್ಲ.

ನಮ್ಮ ಅಜ್ಜಿ ಮಾತ್ರ ಒಂದು ಕತೆ ಉಳಿಸಿಹೋಗಿದ್ದಾಳೆ. ಕರನಿರಾಕರಣೆಯ ಕಾಲದಲ್ಲಿ ಜಪ್ತಿಗೆ ಇಬ್ಬರು ಪೊಲೀಸರು ಬಂದಿದ್ದರಂತೆ. ಇಬ್ಬರೂ ನಮ್ಮ ಕಡೆಯವರೇ. ಮನೆಯಲ್ಲಿದ್ದ ಪಾತ್ರೆ ಪಗಡೆಯೆಲ್ಲ ಅಂಗಳಕ್ಕೆ ಬಂತು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಒಬ್ಬ ಗಂಜಿಯನ್ನು ಚೆಲ್ಲಿ ಅದನ್ನೂ ತಾ ಅಂದ. ಇನ್ನೊಬ್ಬ ಅಡುಗೆಮನೆಯ ಬಾಗಿಲಲ್ಲಿ ಇಣುಕಿ, "ಒಳಗೆ ಏನೂ ಇಲ್ಲ, ನಡಿ" ಅಂದನಂತೆ. "ಕಣ್ಣೆದುರು ಹೊಗೆ ಏಳ್ತಿತ್ತು, ಏನೂ ಇಲ್ಲ ಅಂದ ನೋಡು!" ಎಂದು ಅಜ್ಜಿ ಸಾಯುವವರೆಗೂ ನಗುತ್ತಿದ್ದಳು. ಅಪ್ಪಣೆ ಇಬ್ಬರಿಗೂ ಒಂದೇ. ಸರ್ಕಾರವೂ ಒಂದೇ, ಅಂಗಿಯೂ ಒಂದೇ. ಆದರೂ ಆ ಅಪ್ಪಣೆಯೊಳಗೆ ಒಂದು ಗಡಿಗೆ ಅನ್ನದಷ್ಟು ಜಾಗವಿತ್ತು.

ತಮ್ಮನಿಗೆ ಈ ಕತೆಯನ್ನು ಆ ರಾತ್ರಿ ನೆನಪಿಸಬೇಕೆನ್ನಿಸಿತು. ಹೊಲಿಗೆ ಹಾಕಿದ ಅವನ ಹುಬ್ಬು ನೋಡಿ ಸುಮ್ಮನಾದೆ. ಅದು ಸರಿಯೋ ತಪ್ಪೋ, ಈಗಲೂ ತಿಳಿಯುವುದಿಲ್ಲ. ಅವನೂ ತಿಂದವನೇ, ಕೊಟ್ಟವನೂ ಹೌದು. ಅಕ್ಕನಾಗಿ ನಾನು ಹೊಲಿಗೆಯ ಕಡೆಗಿದ್ದೆ. ತಾಯಿಯಾಗಿ ಓಡಿದ ಹುಡುಗನ ಕಡೆಗಿದ್ದೆ. ಅವನ ಮನೆಯಲ್ಲಿಯೂ ಯಾರೋ ಒಬ್ಬಳು ಕೊಬ್ಬರಿ ಎಣ್ಣೆ ಬಿಸಿಮಾಡಿ ಬೆನ್ನಿಗೆ ಹಚ್ಚಿರಬೇಕು.

ತಮ್ಮ ಕಳೆದ ವರ್ಷ ನಿವೃತ್ತನಾದ. ಈಗ ಅಂಕೋಲೆಯಲ್ಲಿದ್ದಾನೆ, ನಾಲ್ಕು ತೆಂಗಿನ ಗಿಡಕ್ಕೆ ನೀರು ಹಾಯಿಸಿಕೊಂಡು. ಮಗ ಮೊನ್ನೆ ಬಂದಾಗ ಮಾಮನನ್ನು ನೋಡಲು ಹೋಗಿದ್ದೆವು. ಹೊರಡುವಾಗ ಮಗ ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಿದ್ದ. ತಮ್ಮ ಅದನ್ನೇ ನೋಡುತ್ತ ನಿಂತವನು ಮೆಲ್ಲಗೆ ನನಗೆ ಮಾತ್ರ ಕೇಳುವಂತೆ ಹೇಳಿದ. "ಅವನ ಒಂದು ಚಪ್ಪಲಿ ಅಲ್ಲೇ ಉಳಿದಿತ್ತು ಅಕ್ಕಾ. ಹವಾಯಿ ಚಪ್ಪಲಿ, ನೀಲಿ ಪಟ್ಟಿ. ಸಂಜೆ ರಸ್ತೆ ಗುಡಿಸುವವರೆಗೂ ನಾನು ಅದರ ಹತ್ತಿರವೇ ನಿಂತಿದ್ದೆ."